ನೊಂದವರ ಮುಂದಿರುವ ಪ್ರಶ್ನೆ

ಕಷ್ಟ ಉಂಡವನಿಗೆ ಪರರ ಕಷ್ಟ ತಿಳಿಯುತ್ತದೆಂದು ನಾವೆಲ್ಲ ನಂಬಿದ್ದೇವೆ. ಆದರೆ ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯೂ ನಮ್ಮ ಹಿರಿಯರದೇ. ಅತ್ತೆಯ ಕೈಯಲ್ಲಿ ನವೆದ ಸೊಸೆ ತಾನೇ ಅತ್ತೆಯಾದಾಗ ಏನು ಮಾಡುತ್ತಾಳೆ? ಇದು ಮನೆಯ ಪ್ರಶ್ನೆಯಷ್ಟೇ ಅಲ್ಲ, ಚರಿತ್ರೆಯ ಪ್ರಶ್ನೆಯೂ ಹೌದು.

ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರದಲ್ಲಿ ಹ್ಯೂಗನಾಟರ ಚರ್ಚೊಂದಿದೆ. ಹ್ಯೂಗನಾಟರೆಂದರೆ ಫ್ರಾನ್ಸಿನ ಪ್ರಾಟೆಸ್ಟಂಟರು. ಕ್ಯಾಥೊಲಿಕ್ ರಾಜ್ಯದಲ್ಲಿ ಅವರಿಗೆ ಆರಾಧನೆಯ ಹಕ್ಕು ಕೊಟ್ಟಿದ್ದ 1598ರ ಶಾಸನವನ್ನು 1685ರಲ್ಲಿ ದೊರೆ ಹದಿನಾಲ್ಕನೆಯ ಲೂಯಿ ರದ್ದು ಮಾಡಿದ. ಅವರ ಪ್ರಾರ್ಥನಾಮಂದಿರಗಳು ನೆಲಸಮವಾದವು. ದೇಶ ಬಿಟ್ಟು ಓಡುವಾಗ ಸಿಕ್ಕಿಬಿದ್ದ ಗಂಡಸರಿಗೆ, ದೊರೆಯ ಹಡಗುಗಳಲ್ಲಿ ಸಂಕೋಲೆ ತೊಟ್ಟು ಹುಟ್ಟು ಹಾಕುವ ಶಿಕ್ಷೆ. ಆದರೂ ಸುಮಾರು 2 ಲಕ್ಷ ಜನ ತಪ್ಪಿಸಿಕೊಂಡರು. ಅವರಲ್ಲಿ ಕೆಲವರು ಚಾರ್ಲ್‌ಸ್ಟನ್ ಸೇರಿ ಚರ್ಚು ಕಟ್ಟಿದರು. ಅದೇ ನಿವೇಶನದಲ್ಲಿ 1845ರಲ್ಲಿ ಪೂರ್ಣಗೊಂಡ ಗಾಥಿಕ್ ಶೈಲಿಯ ಕಟ್ಟಡವೇ ಈಗಿರುವುದು.

ಈ ಕಟ್ಟಡ ಎದ್ದ ಕಾಲದಲ್ಲಿ ಅದೇ ಊರಿನಲ್ಲಿ ಮನುಷ್ಯರನ್ನು ಹರಾಜು ಹಾಕಿ ಮಾರುತ್ತಿದ್ದರು. ಹ್ಯೂಗನಾಟರ ಸಂತತಿಯವರಲ್ಲೂ ಅನೇಕರು ಗುಲಾಮರ ಒಡೆಯರಾಗಿದ್ದರು. ಅಂಥ ಮನೆತನದ ಹೆನ್ರಿ ಲಾರೆನ್ಸ್ ಎಂಬ ವರ್ತಕನ ಸಂಸ್ಥೆ 1750ರ ದಶಕದಲ್ಲಿ 8,000ಕ್ಕೂ ಹೆಚ್ಚು ಆಫ್ರಿಕನರನ್ನು ಮಾರಿತು. ಗುಲಾಮಗಿರಿ ತನಗೆ ಹೇಯವೆಂದು 1776ರಲ್ಲಿ ಆತ ಮಗನಿಗೆ ಕಾಗದ ಬರೆದ. ಆದರೂ ಗುಲಾಮರಲ್ಲಿ ಬಹುಪಾಲು ಮಂದಿಯನ್ನು ಉಳಿಸಿಕೊಂಡೇ ಇದ್ದ. ಸಂಕೋಲೆಗೆ ಹೆದರಿ ಓಡಿಬಂದವರ ಮೊಮ್ಮಗ ಬೇರೆಯವರ ಸಂಕೋಲೆಯಿಂದ ಸಿರಿವಂತನಾದ.

ಇನ್ನೊಬ್ಬನನ್ನೂ ನೋಡೋಣ. ಆಂತೊನಿ ಬೆನೆಜೆಟ್ ಹುಟ್ಟಿದ್ದು 1713ರಲ್ಲಿ, ಫ್ರಾನ್ಸಿನ ಹ್ಯೂಗನಾಟರ ಮನೆಯಲ್ಲಿ. ಅವನು ಎರಡು ವರ್ಷದ ಕೂಸಾಗಿದ್ದಾಗಲೇ ಮನೆಯವರು ದೇಶ ತೊರೆದರು. ಕೊನೆಗೆ ಫಿಲಡೆಲ್ಫಿಯಾದಲ್ಲಿ ಉಪಾಧ್ಯಾಯನಾದ ಆತ, ಕರಿಯರ ಮಕ್ಕಳಿಗೆ ರಾತ್ರಿ ತನ್ನ ಮನೆಯಲ್ಲೇ ಪಾಠ ಹೇಳಿದ. ಗುಲಾಮರ ವ್ಯಾಪಾರದ ವಿರುದ್ಧ ಪುಸ್ತಕಗಳನ್ನು ಬರೆದು ಹಂಚಿದ.

ಒಂದೇ ಬಿಸಿಲಿಗೆ ಬೆಣ್ಣೆ ಕರಗುತ್ತದೆ, ಹಪ್ಪಳ ಬಿರುಸಾಗುತ್ತದೆ. ಅದು ಆಯಾ ವಸ್ತುವಿನ ಗುಣ. ಮನುಷ್ಯನಿಗೆ ಆ ನೆಪವಿಲ್ಲ. ‘ನಮಗೆ ಅನ್ಯಾಯವಾಯಿತು’ ಎಂಬಷ್ಟಕ್ಕೇ ನಿಂತ ನೆನಪು ಅಭಿಮಾನವಾಗುತ್ತದೆ, ಕಟ್ಟಡವಾಗುತ್ತದೆ. ‘ಇದು ಯಾರಿಗೂ ಆಗಬಾರದು’ ಎಂಬಲ್ಲಿಗೆ ಅದನ್ನು ದಾಟಿಸುವುದು ಪ್ರಯತ್ನದ ಕೆಲಸ. ನೋವು ತಾನಾಗಿ ಅದನ್ನು ಮಾಡಿಕೊಡುವುದಿಲ್ಲ. ಲಾರೆನ್ಸನಿಗೂ ಸತ್ಯ ಗೊತ್ತಿತ್ತು. ಅದರಂತೆ ನಡೆದಿದ್ದರೆ ಆಸ್ತಿ ಕರಗುತ್ತಿತ್ತು, ಅಷ್ಟೆ.

ಹೊಟ್ಟೆಪಾಡಿಗಾಗಿ ಪರಭಾಷೆಯ ಊರಿಗೆ ಬಂದ ನಮ್ಮ ಪಾಡು ಅವರ ಪಾಡಿನ ಮುಂದೆ ಏನೂ ಅಲ್ಲ. ಆದರೂ ಬಾಡಿಗೆ ಮನೆಗಾಗಿ ಬಾಗಿಲು ಬಾಗಿಲು ಅಲೆದ ನೆನಪು ನಮ್ಮಲ್ಲಿ ಅನೇಕರಿಗಿದೆ. ಇಂದು ನಮಗೇ ಸ್ವಂತ ಫ್ಲಾಟು ಇದ್ದು, ಹೊಸಬನೊಬ್ಬ ಬಾಡಿಗೆಗೆ ಕೇಳಿ ಬಂದರೆ ನಾವು ಮೊದಲು ವಿಚಾರಿಸುವುದು ಏನನ್ನು? ಅವನ ಜಾತಿಯನ್ನೇ, ಊಟವನ್ನೇ? ನಮ್ಮ ನೆನಪು ಯಾವ ಬಗೆಯದೆಂದು ಅಲ್ಲಿ ಗೊತ್ತಾಗುತ್ತದೆ.