ಹಲಗೆಯ ಮೇಲಿನ ನೆಲ

ಯುದ್ಧಕಾಲದ ಫೋಟೊವೊಂದನ್ನು ಮುಂದಿಟ್ಟುಕೊಂಡು ಟ್ಯಾಂಕಿನ ಮಾದರಿ ಕಟ್ಟುವವರಿಗೆ ಟ್ಯಾಂಕೇನೂ ಅಷ್ಟು ಕಷ್ಟವಲ್ಲ. ಅದು ಪೆಟ್ಟಿಗೆಯಲ್ಲೇ ಬರುತ್ತದೆ. ಮೂಲದ ಮೂವತ್ತೈದನೇ ಒಂದು ಪಾಲಿನ ಅಳತೆಗೆ ಎರಕ ಹೊಯ್ದ ಪ್ಲಾಸ್ಟಿಕ್ ಭಾಗಗಳು, ಗಾಲಿ, ಚೈನು, ತೋಪಿನ ಕೊಳವೆ, ಯಾವ ಬಣ್ಣ ಎಲ್ಲಿಗೆ ಎಂದು ತಿಳಿಸುವ ಹಾಳೆ. ತಾಳ್ಮೆಯಿದ್ದರೆ ಸಾಕು. ಅದು ನಿಂತ ನೆಲ ಮಾತ್ರ ಯಾವ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ. ಥರ್ಮೊಕೋಲ್ ಕೊರೆದು, ಪ್ಲಾಸ್ಟರ್ ಬಳಿದು, ಜರಡಿ ಹಿಡಿದ ಮಣ್ಣನ್ನು ಫೆವಿಕಾಲಿನ ಮೇಲೆ ಉದುರಿಸಿ ಅದನ್ನು ಕೈಯಾರೆ ಮಾಡಬೇಕು. ಬಹಳ ಜನ ಇದನ್ನು ಕಡೆಗೆ ಉಳಿಸಿಕೊಂಡು, ಒಂದು ಸಂಜೆಯಲ್ಲಿ ಮುಗಿಸಿಬಿಡುತ್ತಾರೆ. ಈ ಕೆಲಸದ ಧರ್ಮವೆಲ್ಲ ಇರುವುದು ಆ ನೆಲದಲ್ಲಿ ಎಂದು ನನಗೆ ಬರಬರುತ್ತ ಗಟ್ಟಿಯಾಗಿ ಅನಿಸುತ್ತಿದೆ.

ಕಾಶ್ಮೀರದ ಝೋಜಿಲಾ ಕಣಿವೆಯ ಟ್ಯಾಂಕನ್ನು ಕಟ್ಟಲು ಹೊರಟಾಗ ಇದು ನಿಚ್ಚಳವಾಯಿತು. 1948ರ ಬೇಸಿಗೆಯಲ್ಲಿ ಪಾಕಿಸ್ತಾನದ ಪರವಾಗಿ ಕಾದುತ್ತಿದ್ದ ಗಿಲ್ಗಿಟ್ ಸ್ಕೌಟ್ಸ್ ಪಡೆ ಆ ಕಣಿವೆಯನ್ನು ಹಿಡಿದಿತ್ತು. ಶ್ರೀನಗರದಿಂದ ಲೇಹಕ್ಕೆ ಹೋಗುವ ದಾರಿ ಮುಚ್ಚಿಹೋಗಿತ್ತು. ಸೆಪ್ಟೆಂಬರಿನಲ್ಲಿ ಭಾರತದ ಕಾಲಾಳುಗಳು ನಡೆಸಿದ ದಾಳಿ ಕೈಗೂಡಲಿಲ್ಲ. ಆಗ ಸೇನಾಧಿಕಾರಿ, ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಟ್ಯಾಂಕುಗಳನ್ನೇ ಮೇಲೆ ಹತ್ತಿಸುವ ನಿರ್ಧಾರಕ್ಕೆ ಬಂದರು. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರು ಎತ್ತರ. ಅಂಥ ಎತ್ತರದಲ್ಲಿ ಅದಕ್ಕೆ ಮುಂಚೆ ಟ್ಯಾಂಕು ಕಾದಾಡಿದ್ದಿಲ್ಲ. ಸೆವೆಂತ್ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಕಳಚಿ, ಗುರುತು ಸಿಗದಂತೆ ಹೊದಿಕೆ ಹೊದಿಸಿ, ಜಮ್ಮುವಿನ ಕಡೆಯಿಂದ ಗುಟ್ಟಾಗಿ ತಂದರು. ನವೆಂಬರ್ 1ರಂದು ಹಿಮದ ನಡುವೆ ಅವು ಕಣಿವೆಗೆ ನುಗ್ಗಿದವು. ಡಿವಿಷನ್ನಿನ ದಂಡನಾಯಕರಾದ ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲೇ ಕೂತಿದ್ದರು.

ಕಪ್ಪುಬಿಳುಪು ಚಿತ್ರವೊಂದರಿಂದ ಇದನ್ನು ಹಲಗೆಯ ಮೇಲೆ ತರಬೇಕು. ಮಾದರಿಯ ಅಳತೆಯಲ್ಲಿ ಸ್ಟುವರ್ಟ್ ಹದಿನಾಲ್ಕು ಸೆಂಟಿಮೀಟರು, ಆಳು ಐದು ಸೆಂಟಿಮೀಟರು. ಬಾಲ್ತಾಲಿನಿಂದ ಕಣಿವೆಯ ತುದಿಗೆ ಏಳುನೂರು ಮೀಟರಿಗೂ ಮಿಗಿಲಾದ ಏರು. ಅದನ್ನೂ ಇದೇ ಅಳತೆಗೆ ಇಳಿಸಿದರೆ ಇಪ್ಪತ್ತು ಮೀಟರು, ಆರು ಮಹಡಿಯ ಕಟ್ಟಡದಷ್ಟು. ಯಾರ ಮನೆಯ ಮೇಜಿನ ಮೇಲೂ ಅದು ಹಿಡಿಸದು. ಕತ್ತರಿಸಲೇಬೇಕು. ಎಲ್ಲಿ ಕತ್ತರಿಸುತ್ತೇವೆ, ಯಾರನ್ನು ಅಂಚಿನಿಂದ ಆಚೆಗೆ ತಳ್ಳುತ್ತೇವೆ ಎಂಬುದು ಬರಿಯ ಅಂದಚಂದದ ಮಾತಲ್ಲ.

ಟ್ಯಾಂಕು ತಾನಾಗಿ ಅಲ್ಲಿಗೆ ಹತ್ತಲಿಲ್ಲ. ಬಾಲ್ತಾಲಿನಿಂದ ಗುಮ್ರಿಯವರೆಗೆ ಇದ್ದದ್ದು ಹೇಸರಗತ್ತೆ ನಡೆಯುವ ಹಾದಿ. ಹದಿನೈದು ಟನ್ನಿನ ಗಾಡಿ ಹೋಗುವಂತೆ ಅದನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಬದಿಯ ಕೇಂದ್ರದಲ್ಲಿ ತರಬೇತಾಗುವ, ಸೈನ್ಯದವರೆಲ್ಲ ‘ತಂಬಿ’ ಎಂದು ಕರೆಯುವ ತೆಂಕಣದ ಹುಡುಗರು. ಹಿಮವನ್ನು ಕಂಡೇ ಅರಿಯದ ಊರುಗಳವರು ಮೇಲಿನ ಬಂಡೆಗಳಿಂದ ಗುಂಡು ಬೀಳುತ್ತಿದ್ದಾಗ ಬಂಡೆ ಒಡೆದು, ಕಲ್ಲು ಹೊತ್ತು ದಾರಿ ಬಿಡಿಸಿದರು. ದಾರಿ ಮುಗಿದ ಮೇಲೆ ಟ್ಯಾಂಕು ಬಂತು. ಕ್ಯಾಮೆರಾ ಹುಡುಕುವುದು ಟ್ಯಾಂಕನ್ನು. ತಪ್ಪು ಕ್ಯಾಮೆರಾದ್ದಲ್ಲ, ಗೆಲುವಿನ ದಿನ ಕಣ್ಣು ಹೋಗುವುದೇ ಅಲ್ಲಿಗೆ.

ಹಾಗಾದರೆ ಮಾದರಿಯಲ್ಲಿ ಟ್ಯಾಂಕಿನ ಪಕ್ಕ ಪಿಕಾಸಿ ಹಿಡಿದ ನಾಲ್ಕು ಆಳುಗಳನ್ನು ನಿಲ್ಲಿಸಿಬಿಡೋಣವೇ? ನನ್ನ ಮನಸ್ಸು ಒಪ್ಪುವುದಿಲ್ಲ. ಚಿತ್ರದಲ್ಲಿ ಇಲ್ಲದವರನ್ನು ತಂದು ನಿಲ್ಲಿಸಿ, ಅವರಿಗೆ ನಮಗೆ ಬೇಕಾದ ಮುಖ, ನಮಗೆ ಬೇಕಾದ ಹುಮ್ಮಸ್ಸು ಅಂಟಿಸಿದರೆ ಅದು ಗೌರವದ ವೇಷ ತೊಟ್ಟ ಸುಳ್ಳಾಗುತ್ತದೆ. ಆದರೆ ಅವರ ಕೆಲಸ ಸುಳ್ಳಲ್ಲ. ಟ್ಯಾಂಕು ಅಲ್ಲಿ ನಿಂತಿದೆ ಎಂದರೆ ಅದರ ಕೆಳಗೆ ಆ ದಾರಿ ಇದ್ದೇ ಇತ್ತು. ಆದ್ದರಿಂದ ಕಡಿದ ಬಂಡೆಯ ಹೊಸ ಮುಖವನ್ನು ಹಳೆಯ ಬಂಡೆಗಿಂತ ತಿಳಿಬಣ್ಣದಲ್ಲಿ ತೋರಿಸಬಹುದು. ಕಣಿವೆಯ ಕಡೆಯ ಅಂಚಿಗೆ ಒಟ್ಟಿದ ಕಲ್ಲುಗಳನ್ನು ಒಂದೊಂದಾಗಿ ಜೋಡಿಸಬಹುದು. ಟ್ಯಾಂಕನ್ನು ಹಲಗೆಯ ನಟ್ಟನಡುವೆ ಇಡುವ ಬದಲು ಮುಂದಕ್ಕೆ ಸರಿಸಿ, ಹಿಂದೆ ಅದು ಬಂದ ದಾರಿಗೆ ಜಾಗ ಬಿಡಬಹುದು. ನೋಡುವವರ ಕಣ್ಣು ಟ್ಯಾಂಕನ್ನು ಬಿಟ್ಟು ಆ ದಾರಿಗುಂಟ ಹಿಂದಕ್ಕೆ ನಾಲ್ಕು ಹೆಜ್ಜೆ ನಡೆದರೂ ಸಾಕು.

ತೋಪಿನ ಬಾಯಿಯ ಕಡೆಗೂ ಇದೇ ಮಾತು. ನಾನು ಕಂಡ ಎಷ್ಟೋ ಮಾದರಿಗಳಲ್ಲಿ ಕೊಳವೆ ಎತ್ತ ತಿರುಗಿದೆಯೋ ಅತ್ತಲೇ ಹಲಗೆ ಮುಗಿದುಹೋಗುತ್ತದೆ. ಕೊಳವೆಯ ತುದಿ ಅಂಚನ್ನು ದಾಟಿ ಗಾಳಿಯಲ್ಲಿ ನಿಂತಿರುತ್ತದೆ. ಅದು ನೋಡುತ್ತಿರುವುದು ಯಾರನ್ನು? ಝೋಜಿಲಾದಲ್ಲಿ ಆ ಬದಿಗೂ ಚಳಿಗೆ ನಡುಗುತ್ತಿದ್ದ ಮನುಷ್ಯರಿದ್ದರು, ಅವರಿಗೂ ಮನೆಯಿತ್ತು. ಅವರ ಸೋಲು ಲೇಹದ ಜನಕ್ಕೆ ಬದುಕಾಯಿತು, ಆ ಗೆಲುವು ಬೇಕಾಗಿಯೇ ಇತ್ತು ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಆದರೂ ಗುಂಡು ತಲುಪುವ ನೆಲವನ್ನು ಕತ್ತರಿಸಿ ಎಸೆದರೆ ಟ್ಯಾಂಕು ಬರಿಯ ಚೆಲುವಾದ ಯಂತ್ರವಾಗಿ ಉಳಿಯುತ್ತದೆ, ಮಕ್ಕಳ ಕಣ್ಣಿಗೆ ಯುದ್ಧವೂ ಚೆಲುವಾಗಿ ಕಾಣುತ್ತದೆ. ಆ ಬದಿಗೆ ನಾಲ್ಕು ಬೆರಳಷ್ಟಾದರೂ ಹಿಮದ ನೆಲ ಇರಲಿ.

ಇದನ್ನೆಲ್ಲ ಚಳ್ಳಕೆರೆ ಬಳಿಯ ಕುದಾಪುರದ ಸೀಮೆಯಲ್ಲಿ ಕೂತು ಯೋಚಿಸುವುದಕ್ಕೆ ಬೇರೆಯೇ ತೂಕವಿದೆ. ಇಲ್ಲಿನ ಮಣ್ಣು ಝೋಜಿಲಾಕ್ಕೆ ಹೊಂದುವುದಿಲ್ಲ. ಇದು ಮಳೆ ಕಡಿಮೆಯ ಬಯಲು. ಮುಂಗಾರಿಗೆ ನಾಲ್ಕು ದಿನ ಹಸಿರಾಗಿ, ಆಮೇಲೆ ವರ್ಷವೆಲ್ಲ ಒಣಹುಲ್ಲಿನ ಬಣ್ಣದಲ್ಲಿರುವ ಕಾವಲು. ಆದರೆ ಯುದ್ಧದ ಗಾಡಿಗೂ ಈ ನೆಲಕ್ಕೂ ಇರುವ ನಂಟು ಝೋಜಿಲಾಕ್ಕಿಂತ ಹಳೆಯದು. ಇದು ಅಮೃತಮಹಲ್ ಕಾವಲು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಸಾಕಣೆಯ ಇಲಾಖೆಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲಾಯಿತು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಳಗದ ದನಗಳಿಂದ ಅಮೃತಮಹಲ್ ತಳಿ ಬೆಳೆಯಿತು. ತೋಪಿನ ಬಂಡಿ ಎಳೆಯುತ್ತಿದ್ದವು ಈ ಎತ್ತುಗಳು. ಹೈದರಾಲಿಯ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಇವುಗಳ ಬಲದಿಂದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡುಗಳೂ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು.

ಶ್ರೀರಂಗಪಟ್ಟಣದ ಯುದ್ಧದ ಬಗ್ಗೆ ಇಂಗ್ಲಿಷ್ ಕಲಾವಿದರು ಬರೆದ ಚಿತ್ರಗಳಲ್ಲಿ ಕತ್ತಿ, ಬಾವುಟ, ಹೊಗೆ ತುಂಬಿವೆ. ತೋಪನ್ನು ಅಲ್ಲಿಯವರೆಗೆ ಎಳೆದ ಎತ್ತು ಯಾವ ಹುಲ್ಲು ಮೇಯ್ದಿತ್ತು, ಅದನ್ನು ಕರುವಿನಿಂದ ಸಾಕಿದವರು ಯಾರು ಎಂದು ಆ ಚಿತ್ರಗಳು ಕೇಳುವುದಿಲ್ಲ.

ಇಂದು ಅದೇ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆಯ ಈ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳು ಇಲ್ಲಿಂದ ಏಳುತ್ತವೆ; 2023ರ ಏಪ್ರಿಲ್‌ನಲ್ಲಿ ಇಸ್ರೊದ ಮರುಬಳಕೆಯ ರಾಕೆಟ್ ವಾಹನ ಇಳಿದದ್ದೂ ಇಲ್ಲೇ. ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಒಂದೂವರೆ ಸಾವಿರ ಎಕರೆಯ ಆವರಣ. ದೇಶಕ್ಕೆ ಇವು ಬೇಕು. ಕುರಿ, ದನ ಅಟ್ಟಿಕೊಂಡು ಹೋಗುತ್ತಿದ್ದ ಹಾದಿಗೆ ಗೋಡೆ ಎದ್ದಾಗ ಸುತ್ತಲ ಹಳ್ಳಿಯವರು ಪಟ್ಟ ಸಂಕಟವೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

2023ರ ಆಗಸ್ಟ್‌ನಲ್ಲಿ ಪರೀಕ್ಷೆಯ ಹಾರಾಟದಲ್ಲಿದ್ದ ತಪಸ್ ಎಂಬ ಪೈಲಟ್ ಇಲ್ಲದ ವಿಮಾನ ಹಿರಿಯೂರು ತಾಲ್ಲೂಕಿನ ಹೊಲವೊಂದರಲ್ಲಿ ಬಿತ್ತು. ಮುರಿದ ರೆಕ್ಕೆ, ಉಳುವ ಮಣ್ಣು, ಸುತ್ತ ನೆರೆದ ಊರಿನವರು, ಎಲ್ಲ ಒಂದೇ ನೋಟದಲ್ಲಿ. ರನ್‌ವೇ ಮೇಲೆ ಮಿರುಗುವ ವಿಮಾನದ ಪಕ್ಕ ಯಾವ ನೆಲವೂ ಕಾಣುವುದಿಲ್ಲ. ಅದು ಬಿದ್ದಾಗ ನೆಲವೂ ಕಂಡಿತು, ನೆಲದವರೂ ಕಂಡರು. ಬೀಳುವವರೆಗೆ ಕಾಯದೆ ಅವರನ್ನು ನೋಡಲು ನಮಗೆ ಬರಬೇಕಲ್ಲವೇ?

ಮುಂದೊಂದು ದಿನ ನಮ್ಮ ಚಳ್ಳಕೆರೆಯ ಯಾವುದೋ ಶಾಲೆಯ ಹುಡುಗಿ ಈ ವಿಮಾನದ ಮಾದರಿ ಕಟ್ಟಬಹುದು. ಸಿಮೆಂಟಿನ ಬೂದುಬಣ್ಣ ಬಳಿದು ಅಲ್ಲಿಗೇ ನಿಲ್ಲಿಸಬೇಡ ಎಂದು ಅವಳಿಗೆ ಯಾರಾದರೂ ಹೇಳಬೇಕು. ರನ್‌ವೇಯ ಆಚೆ ಗೋಡೆ ಬರಲಿ, ಗೋಡೆಯ ಆಚೆ ಹುಲ್ಲು ಬರಲಿ. ಹುಲ್ಲಿಗೆ ಹಸಿರು ಪುಡಿ ಬೇಡ. ನಮ್ಮೂರ ಕಂಬಳಿಯ ಕಂದು ಉಣ್ಣೆಯನ್ನೇ ಹಿಂಜಿ ಚಿಕ್ಕದಾಗಿ ಕತ್ತರಿಸಿ ನೆಟ್ಟರೆ ಮಾಗಿಯ ಕಾವಲಿಗೆ ಸರಿಹೋಗುತ್ತದೆ. ದನ ನಡೆದ ಜಾಡು ಗೋಡೆಯವರೆಗೆ ಬಂದು ಅಲ್ಲಿಂದ ಗೋಡೆಗುಂಟ ತಿರುಗಬೇಕು. ಅಷ್ಟನ್ನೂ ಹಿಡಿಸುವ ಹಲಗೆ ವಿಮಾನದ ನಾಲ್ಕು ಪಟ್ಟು ಅಗಲವಾದೀತು. ಆಗಲಿ, ಬಡಗಿಯ ಹತ್ತಿರ ಹೋದಾಗ ಅಷ್ಟನ್ನೇ ಕೇಳಬೇಕು.