ವಿಧವೆಯ ಎರಡು ಕಾಸು



ಭಾನುವಾರದ ಬಲಿಪೂಜೆಯಲ್ಲಿ ಕಾಣಿಕೆ ಎತ್ತುವ ಹೊತ್ತಿಗೆ ನಮ್ಮ ಕೈ ಜೇಬಿನಲ್ಲಿ ಏನನ್ನು ಹುಡುಕುತ್ತದೆ? ಬಹುಮಟ್ಟಿಗೆ ಚಿಲ್ಲರೆಯನ್ನು. ಕೊಟ್ಟರೂ ಕೊರತೆಯಾಗದಷ್ಟನ್ನು ಕೊಡುವುದು ನಮ್ಮೆಲ್ಲರ ರೂಢಿ. ಆದುದರಿಂದಲೇ ಸಂತ ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದ ಬಡ ವಿಧವೆ ನಮ್ಮ ಮನಸ್ಸನ್ನು ಕಲಕುತ್ತಾಳೆ.

ಜೆರುಸಲೇಮಿನ ಮಹಾದೇವಾಲಯದಲ್ಲಿ ಕಹಳೆಯ ಆಕಾರದ 13 ಕಾಣಿಕೆ ಪೆಟ್ಟಿಗೆಗಳಿದ್ದವೆಂದು ಯೆಹೂದ್ಯರ ಮಿಶ್ನಾ ಗ್ರಂಥ ತಿಳಿಸುತ್ತದೆ. ಆಕೆ ಹಾಕಿದ್ದು ಎರಡು ಪುಟ್ಟ ತಾಮ್ರದ ಕಾಸು. ಕೂಲಿಯಾಳಿನ ಒಂದು ದಿನದ ಸಂಬಳವಾದ ದೆನಾರಿಯಸ್ ನಾಣ್ಯದ 64ರಲ್ಲಿ ಒಂದು ಪಾಲು. ಒಂದು ಕಾಸನ್ನಾದರೂ ಉಳಿಸಿಕೊಳ್ಳಬಹುದಿತ್ತು. ಉಳಿಸಿಕೊಳ್ಳಲಿಲ್ಲ. ತನ್ನ ಜೀವನಾಧಾರವನ್ನೇ ಆಕೆ ಕೊಟ್ಟುಬಿಟ್ಟಳೆಂದು ಯೇಸುಸ್ವಾಮಿ ಶಿಷ್ಯರಿಗೆ ತೋರಿಸಿದರು.

ಹಾಗಾದರೆ ಆ ರಾತ್ರಿ ಆಕೆ ಉಂಡದ್ದೇನು? ದೇವರಲ್ಲಿ ಭರವಸೆಯಿಡುವುದೆಂದರೆ ವಿವೇಕವನ್ನು ತೊರೆಯುವುದೇ?

ಇದೇ ಅಧ್ಯಾಯದ ಹಿಂದಿನ ಸಾಲುಗಳನ್ನು ಓದಿ. ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಯೇಸು ಅಲ್ಲಿ ಖಂಡಿಸುತ್ತಾರೆ. ದೇವರಿಗೆ ಮೀಸಲಿಟ್ಟೆವೆಂಬ ನೆಪದಲ್ಲಿ ಹೆತ್ತವರನ್ನು ಕೈಬಿಡುವವರನ್ನು 7ನೇ ಅಧ್ಯಾಯದಲ್ಲಿ ಗದರಿಸುತ್ತಾರೆ. ಮನೆಯ ಮಕ್ಕಳ, ವೃದ್ಧರ ತುತ್ತನ್ನು ಕಸಿದು ಅರ್ಪಿಸಿದ ಕಾಣಿಕೆ ದೇವರಿಗೆ ಬೇಡ. ನನ್ನ ಪಾಲಿನದನ್ನು, ನನಗೆ ನೋವಾಗುವಷ್ಟನ್ನು ಕೊಟ್ಟಾಗಲೇ ಅದು ತ್ಯಾಗ. ನಾಳೆ ನನ್ನನ್ನು ಕಾಯುವವರು ದೇವರೆಂದು ಆಗ ನನ್ನ ಕೈಯೇ ಸಾಕ್ಷಿ ನುಡಿಯುತ್ತದೆ.

ಪೂಜಾವಿಧಿಯ 'ಬಿ' ವರ್ಷದಲ್ಲಿ, ಸಾಧಾರಣ ಕಾಲದ 32ನೇ ಭಾನುವಾರ, ಧರ್ಮಸಭೆ ಈ ವಿಧವೆಯ ಜೊತೆಗೆ ಸರೆಪ್ತ ಊರಿನ ವಿಧವೆಯನ್ನೂ ನಮ್ಮ ಮುಂದೆ ನಿಲ್ಲಿಸುತ್ತದೆ. ಬರಗಾಲದಲ್ಲಿ ಕೊನೆಯ ಹಿಡಿ ಹಿಟ್ಟಿನಿಂದ ಆಕೆ ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟಳು. ಆಕೆಯ ಮಡಕೆಯ ಹಿಟ್ಟು ತೀರಲಿಲ್ಲ. ಜೆರುಸಲೇಮಿನ ವಿಧವೆಗಾದರೋ ಅಂಥ ಪವಾಡ ನಡೆಯಿತೆಂದು ಶುಭಸಂದೇಶ ಹೇಳುವುದಿಲ್ಲ. ಆದರೆ ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯವನ್ನು ತೆರೆಯಿರಿ. ಅದೇ ಜೆರುಸಲೇಮಿನಲ್ಲಿ, ದಿನನಿತ್ಯದ ಹಂಚಿಕೆಯಲ್ಲಿ ಕೆಲವು ವಿಧವೆಯರನ್ನು ಕಡೆಗಣಿಸಲಾಗಿದೆ ಎಂಬ ದೂರು ಬಂದಾಗ, ಅದಕ್ಕೆಂದೇ ಏಳು ಮಂದಿಯನ್ನು ನೇಮಿಸಲಾಯಿತು. ತೀರದ ಮಡಕೆಯನ್ನು ದೇವರು ಈಗ ವಿಶ್ವಾಸಿಗಳ ಕೈಗೆ ಒಪ್ಪಿಸಿದ್ದರು.

ಕಾಣಿಕೆಯನ್ನು ಸ್ವೀಕರಿಸಿ ಬಲಿಪೀಠದ ಬಳಿ ಇರಿಸುವ ಗುರುಗಳಾದ ನಮಗೆ ಈ ಮಾತು ಅಂಜಿಕೆ ತರಬೇಕು. ಅದರಲ್ಲಿನ ಯಾವ ನಾಣ್ಯ ಯಾರ ರಾತ್ರಿಯ ಊಟವೋ ನಾವರಿಯೆವು. ಎಲ್ಲವನ್ನೂ ಕೊಟ್ಟ ತಾಯಿಯೊಬ್ಬಳು ನಮ್ಮ ಧರ್ಮಕೇಂದ್ರದಲ್ಲಿ ಹಸಿದು ಮಲಗಿದರೆ, ಆಕೆಯ ಭರವಸೆಗೆ ದ್ರೋಹ ಬಗೆದವರು ನಾವೇ.

ಪ್ರಿಯರೇ, ಮುಂದಿನ ಭಾನುವಾರ ತುಸು ಕೊರತೆಯಾಗುವಷ್ಟನ್ನು ಕೊಡಿ. ಮನೆಗೆ ಮರಳುವಾಗ ಒಂಟಿಯಾಗಿರುವ ಅಜ್ಜಿಯೊಬ್ಬರ ಬಾಗಿಲು ತಟ್ಟಿ, ಊಟವಾಯಿತೇ ಎಂದು ವಿಚಾರಿಸಿ. ಆಕೆಯ ಪ್ರಾರ್ಥನೆಗೆ ಉತ್ತರವಾಗಿ ಪ್ರಭು ಕಳುಹಿಸಿದ್ದು ನಿಮ್ಮನ್ನೇ ಇರಬಹುದು.