ಶುಶ್ರೂಷೆಯ ವಿದ್ಯೆ ಮತ್ತು ಸೋಂಕಿನ ಹೊಣೆ

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಂತಹ ಹೋಬಳಿಯ ಊರುಗಳಿಂದ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ಮಂಡ್ಯ, ಮೈಸೂರುಗಳಿಗೆ ಹೋಗುವುದುಂಟು. ತಂದೆತಾಯಿಗಳು ಕಷ್ಟಪಟ್ಟು ಶುಲ್ಕ ಕಟ್ಟುತ್ತಾರೆ. ಮಗಳು ಕ್ಷಯರೋಗಿಯ ಹಾಸಿಗೆಯ ಬಳಿ ನಿಲ್ಲಬೇಕಾಗುವುದೆಂಬ ಮಾತು ಶುಲ್ಕದ ರಸೀದಿಯಲ್ಲಿ ಇರುವುದಿಲ್ಲ. ನೌಕರನಾದರೆ ಸಂಬಳ ಪಡೆದು ಅಪಾಯಕ್ಕೆ ಒಪ್ಪಿದವನು. ವಿದ್ಯಾರ್ಥಿನಿಯಾದರೋ ಹಣ ತೆತ್ತು ಕಲಿಯಲು ಬಂದವಳು. ಆಕೆಗೆ ತಗಲುವ ಸೋಂಕಿನ ಹೊಣೆ ಯಾರದು?

ರೋಗಿಯ ಸೇವೆಯಾದ ವೈಯಾವೃತ್ಯವನ್ನು ಜೈನ ಪರಂಪರೆಯು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಿದೆ. ವ್ಯಾಧಿಗ್ರಸ್ತ ಮುನಿಯನ್ನು ಅಸಹ್ಯಪಡದೆ ಉಪಚರಿಸಿದ ಉದ್ದಾಯನ ರಾಜನ ಕಥೆ ಮನೆಮನೆಗೂ ತಿಳಿದದ್ದು. ಆದರೆ ಆ ರಾಜನು ತಾನಾಗಿ ಮುಂದೆ ಬಂದವನು. ಪಾಳಿಯ ಪಟ್ಟಿಯಲ್ಲಿ ಅವನ ಹೆಸರನ್ನು ಯಾರೂ ಬರೆದಿರಲಿಲ್ಲ. ಈಕೆಯೂ ತಾನೇ ಈ ವೃತ್ತಿಯನ್ನು ಆರಿಸಿಕೊಂಡಳಲ್ಲವೇ ಎನ್ನಬಹುದು. ನಿಜ. ಆದರೆ ಅಪಾಯದ ಅಳತೆ ತಿಳಿಸದೆ ಪಡೆದ ಒಪ್ಪಿಗೆಯು ತಕ್ಕಡಿ ತೋರಿಸದೆ ಮಾಡಿದ ವ್ಯಾಪಾರದಂತೆ.

ಅಳತೆಯೇನೂ ಗುಟ್ಟಲ್ಲ. ಹೆಪಟೈಟಿಸ್ ಬಿ ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದ 100 ಮಂದಿಯಲ್ಲಿ 6ರಿಂದ 30 ಮಂದಿಗೆ ಸೋಂಕು ತಗಲಬಹುದು. ಎಚ್‌ಐವಿಯಾದರೆ 1000ದಲ್ಲಿ ಸುಮಾರು 3 ಮಂದಿಗೆ. ಮೊದಲನೆಯದಕ್ಕೆ ಆರು ತಿಂಗಳ ಅವಧಿಯಲ್ಲಿ ಮೂರು ಬಾರಿ ಹಾಕುವ ಲಸಿಕೆಯಿದೆ. ಎರಡನೆಯದಕ್ಕೆ ಲಸಿಕೆಯಿಲ್ಲ, ಕೆಲವೇ ಗಂಟೆಗಳೊಳಗೆ, ತಡವಾದರೂ 72 ಗಂಟೆ ಮೀರದಂತೆ, ಔಷಧಿ ಆರಂಭಿಸಿ 28 ದಿನ ಸೇವಿಸಬೇಕು.

ಹೀಗಿರಲು ಚುಚ್ಚಿದ ಸಂಗತಿಯನ್ನು ಮುಚ್ಚಿಡುವುದೇ ದೊಡ್ಡ ಅಪಾಯ. ಮುಚ್ಚಿಡುವುದಾದರೂ ಏಕೆ? ಬೈಗುಳದ ಭಯ, ಹಾಜರಾತಿಯ ಭಯ. ಪದವಿ ಪಡೆಯುವ ಮುನ್ನ ಪ್ರಾಯೋಗಿಕ ತರಬೇತಿಯ ಹಾಜರಾತಿ ನೂರಕ್ಕೆ ನೂರು ತುಂಬಿರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ಕಲಿಕೆಗೆ ಅದು ಅಗತ್ಯವೇ. ಆದರೆ ತಪ್ಪಿದ ದಿನಗಳನ್ನು ಮುಂದೆ ತುಂಬಿಕೊಳ್ಳಲು ಸುಲಭ ದಾರಿ ಮಾಡಿಕೊಡದ ಸಂಸ್ಥೆಯು ಜ್ವರವಿದ್ದವಳನ್ನೂ ವಾರ್ಡಿಗೆ ತಳ್ಳಿದಂತಾಗುತ್ತದೆ. ಆಗ ಸೋಂಕು ರೋಗಿಯಿಂದ ಆಕೆಗೆ ಮಾತ್ರವಲ್ಲ, ಆಕೆಯಿಂದ ರೋಗಿಗೂ ಹರಡುತ್ತದೆ. ಪ್ರಮಾದದಿಂದಾಗುವ ಪ್ರಾಣಹಾನಿಯೇ ಹಿಂಸೆ ಎಂಬ ತತ್ತ್ವಾರ್ಥಸೂತ್ರದ ನಿರ್ಣಯವನ್ನು ಇಲ್ಲಿ ನೆನೆಯಬೇಕು; ಪ್ರಮಾದ ಹುಡುಗಿಯದಕ್ಕಿಂತ ವ್ಯವಸ್ಥೆ ಮಾಡದವರದೇ ಹೆಚ್ಚು.

2021ರ ನವೆಂಬರಿನಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಸೇರಿ 300ಕ್ಕೂ ಹೆಚ್ಚು ಮಂದಿಗೆ ಕೊರೊನಾ ಸೋಂಕು ಕಂಡುಬಂದಿತು. ಬಹುಪಾಲು ಮಂದಿ ಎರಡೂ ಲಸಿಕೆ ಪಡೆದಿದ್ದವರು. ವಿದ್ಯಾರ್ಥಿನಿಲಯಗಳನ್ನು ಮುಚ್ಚಿ, ವ್ಯಾಪಕವಾಗಿ ಪರೀಕ್ಷೆ ನಡೆಸಿದ್ದರಿಂದಲೇ ಸೋಂಕಿನ ವ್ಯಾಪ್ತಿ ತಿಳಿಯಿತು. ಸಂಖ್ಯೆ ಹೊರಬಿದ್ದರೆ ಹೆಸರು ಕೆಡುವುದೆಂದು ಹೆದರುವ ಸಂಸ್ಥೆಗಳು ಈ ಅಂಶವನ್ನು ಗಮನಿಸಬೇಕು.

ಬಸದಿಗಳ ಟ್ರಸ್ಟುಗಳು ಇಂತಹ ವಿದ್ಯಾರ್ಥಿನಿಯರಿಗೆ ವೇತನ ನೀಡುವಾಗ ಅಂಕಪಟ್ಟಿಯನ್ನಷ್ಟೇ ಕೇಳುತ್ತವೆ. ಲಸಿಕೆಯ ಮೂರು ಬಾರಿಯೂ ಮುಗಿದಿದೆಯೇ, ನಡುರಾತ್ರಿ ಸೂಜಿ ಚುಚ್ಚಿದರೆ ಔಷಧಿ ಯಾರ ಬಳಿಯಿದೆ, ಅದರ ವೆಚ್ಚ ಯಾರ ಲೆಕ್ಕಕ್ಕೆ ಎಂದು ಕಾಲೇಜಿಗೆ ಒಂದು ಪತ್ರ ಬರೆಯಲು ಟ್ರಸ್ಟಿಗೆ ಅಂಚೆಯ ಖರ್ಚಷ್ಟೇ ತಗಲುತ್ತದೆ.